ಹಿಂದೆ ಕುಳಿತವರ ಪಾಲಿನ ಗಾಳಿ



ಬೇಸಿಗೆ ಸಮೀಪಿಸಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ದೂರವಾಣಿ ಮಾಡಿ, "ಸಾರ್, ಹೊಸ ಗಾಡಿ ತಗೋಬೇಕು ಅಂತಿದ್ದೀವಿ, ಯಾವುದು ಒಳ್ಳೇದು ಹೇಳಿ" ಎಂದು ಕೇಳುವುದುಂಟು. ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ವಿಜ್ಞಾನ ಕಲಿಸಿದವನು ಮೋಟಾರು ವಾಹನಗಳನ್ನೂ ಬಲ್ಲವನಾಗಿರಬೇಕೆಂಬ ಅವರ ನಂಬಿಕೆಗೆ ನಾನು ಋಣಿ. ಯಾವ ಕಂಪನಿಯ ಯಾವ ಮಾದರಿ ಉತ್ತಮವೆಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ನಾನು ಅವರಿಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರಪ್ಪ?"

ಕೆಲವರು ನಗುತ್ತಾರೆ, ಕೆಲವರು ಯೋಚಿಸುತ್ತಾರೆ. ಉತ್ತರ ಮಾತ್ರ ಹೆಚ್ಚುಕಡಿಮೆ ಒಂದೇ. ವಯಸ್ಸಾದ ತಂದೆತಾಯಿ, ಶಾಲೆಗೆ ಹೋಗುವ ಮಕ್ಕಳು, ಮತ್ತು ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಸಾಕುನಾಯಿ. ಹಣ ಕೊಟ್ಟು ಗಾಡಿ ಕೊಳ್ಳುವವನು ಮುಂದೆ ಕೂರುತ್ತಾನೆ, ಅದರ ಸುಖದುಃಖಗಳನ್ನು ಹೆಚ್ಚಾಗಿ ಅನುಭವಿಸುವವರು ಹಿಂದೆ ಕೂರುತ್ತಾರೆ. ಈ ಕಾರಣದಿಂದಲೇ ಎಸ್.ಯು.ವಿ. ಎಂದು ಕರೆಯಲ್ಪಡುವ ಎತ್ತರದ ಕಾರುಗಳಲ್ಲಿ ಹಿಂದಿನವರಿಗಾಗಿ ಇಡುವ ಎ.ಸಿ. ಗಾಳಿಕಿಂಡಿಗಳ ಬಗ್ಗೆ, ಅಂದರೆ ಮಾರಾಟಗಾರರು 'ರಿಯರ್ ಎ.ಸಿ. ವೆಂಟ್' ಎನ್ನುವುದರ ಬಗ್ಗೆ, ನಾಲ್ಕು ಮಾತು ಬರೆಯಬೇಕೆನಿಸಿತು. ವಿಷಯ ಅತಿ ಸಣ್ಣದೆಂದು ತೋರಬಹುದು. ಓದಿದ ಮೇಲೆ ನೀವೇ ನಿರ್ಧರಿಸಿ.

ಮೊದಲು ಸ್ವಲ್ಪ ಇತಿಹಾಸ. ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರರು 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕಾಗಿ ಆಧುನಿಕ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದರು. ಅದು ಮನುಷ್ಯರ ಸುಖಕ್ಕಾಗಿ ಆಗಿರಲಿಲ್ಲ. ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೆಡುತ್ತಿದ್ದುದನ್ನು ತಡೆಯುವುದಕ್ಕಾಗಿ ಆಗಿತ್ತು. ಮುಂದೆ ಪ್ಯಾಕರ್ಡ್ ಎಂಬ ಕಾರು ಕಂಪನಿಯು ತನ್ನ 1940ರ ಮಾದರಿಯ ಕಾರುಗಳಲ್ಲಿ ಇದನ್ನು ಅಳವಡಿಸಿಕೊಡಲು ಆರಂಭಿಸಿತು. ಇದಕ್ಕೆ ಪ್ರತ್ಯೇಕವಾಗಿ 274 ಡಾಲರು ತೆರಬೇಕಾಗಿತ್ತು.

ಇಲ್ಲಿ ಒಂದು ಸ್ವಾರಸ್ಯವಿದೆ. ಆ ಮೊದಲ ಎ.ಸಿ.ಯ ತಂಪುಮಾಡುವ ಭಾಗವನ್ನು ಕೂರಿಸಿದ್ದು ಹಿಂದಿನ ಡಿಕ್ಕಿಯಲ್ಲಿ. ತಣ್ಣನೆಯ ಗಾಳಿ ಹೊರಬರುತ್ತಿದ್ದುದು ಹಿಂದಿನ ಸೀಟಿನ ಬೆನ್ನಿನ ಮೇಲಿಂದ. ಅಂದರೆ, ಕಾರಿನಲ್ಲಿ ತಂಪುಗಾಳಿ ಮೊದಲು ಹುಟ್ಟಿದ್ದೇ ಹಿಂಬದಿಯಲ್ಲಿ! ಅನುಕೂಲಗಳ ಜೊತೆಗೆ ತೊಂದರೆಗಳೂ ಇದ್ದವು. ಯಂತ್ರವು ಡಿಕ್ಕಿಯ ಅರ್ಧ ಜಾಗವನ್ನು ನುಂಗುತ್ತಿತ್ತು. ತಂಪು ಸಾಕೆನಿಸಿದರೆ ಒಳಗಿನಿಂದ ನಿಲ್ಲಿಸುವ ಗುಂಡಿಯಿರಲಿಲ್ಲ. ಗಾಡಿ ನಿಲ್ಲಿಸಿ, ಬಾನೆಟ್ಟು ತೆರೆದು, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 1954ರಲ್ಲಿ ನ್ಯಾಶ್ ಎಂಬ ಕಂಪನಿ ಎಲ್ಲ ಯಂತ್ರಭಾಗಗಳನ್ನೂ ಬಾನೆಟ್ಟಿನ ಅಡಿಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಅಡಕಗೊಳಿಸಿತು. ಖರ್ಚು ಕಡಿಮೆಯಾಯಿತು, ಡಿಕ್ಕಿಯಲ್ಲಿ ಜಾಗ ಉಳಿಯಿತು. ಅಂದಿನಿಂದ ಗಾಳಿ ಮುಂದಿನವರ ಸ್ವತ್ತಾಯಿತು. ಆ ನ್ಯಾಶ್ ಕಾರಿನ ಹೆಸರೂ 'ಅಂಬಾಸಡರ್' ಎಂದೇ! ನಮ್ಮ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರಿಗೂ ಅದಕ್ಕೂ ಸಂಬಂಧವೇನೂ ಇಲ್ಲ, ಹೆಸರಿನ ಕಾಕತಾಳೀಯವಷ್ಟೆ.

ನಮ್ಮ ಅಂಬಾಸಡರ್ 1958ರಿಂದ 2014ರವರೆಗೆ ತಯಾರಾಯಿತು. ನನ್ನ ತಲೆಮಾರಿನವರು ಕಂಡ ಅಂಬಾಸಡರಿನಲ್ಲೂ ಫಿಯೆಟ್ಟಿನಲ್ಲೂ ಮುಂದಿನ ಬಾಗಿಲಿನ ಕಿಟಕಿಯ ಮೂಲೆಯಲ್ಲಿ ತ್ರಿಕೋನಾಕಾರದ ಪುಟ್ಟ ಗಾಜೊಂದಿರುತ್ತಿತ್ತು. ಅದನ್ನು ತಿರುಗಿಸಿದರೆ ಓಡುವ ಗಾಡಿಯ ಗಾಳಿ ನೇರವಾಗಿ ಮೈಮೇಲೆ ಬೀಳುತ್ತಿತ್ತು. ಅದೂ ಮುಂದಿನವರಿಗೇ. ಹಿಂದೆ ಕುಳಿತವರು ಕಿಟಕಿಯ ಹಿಡಿ ತಿರುಗಿಸಿ ಗಾಜು ಇಳಿಸಿ, ಬಂದ ಧೂಳನ್ನೂ ಗಾಳಿಯನ್ನೂ ಒಟ್ಟಿಗೇ ಕುಡಿಯಬೇಕಾಗಿತ್ತು. ಆದರೆ ಒಂದು ಮಾತು ಗಮನಿಸಿ. ಅಂದು ಹಿಂದಿನವನ ಕೈಯಲ್ಲಿ ಆ ಹಿಡಿಯಾದರೂ ಇತ್ತು. ಇಂದು ಎ.ಸಿ. ಹಾಕಿದೊಡನೆ ನಾಲ್ಕೂ ಗಾಜುಗಳು ಮೇಲೇರುತ್ತವೆ. ಹಿಂದಿನ ಗಾಜಿನ ಗುಂಡಿಗೆ ಬೀಗ ಹಾಕುವ ಅಧಿಕಾರವೂ ಚಾಲಕನದೇ. ಆದ್ದರಿಂದ ಹಿಂದಿನವರಿಗೆ ತಂಪು ತಲುಪಿಸುವ ಹೊಣೆಯೂ ಅವನದೇ ಆಗುತ್ತದೆ.

ಈಗ ಸ್ವಲ್ಪ ಭೌತವಿಜ್ಞಾನ. ನನ್ನ ವಿದ್ಯಾರ್ಥಿಗಳು ಆಕಳಿಸಬಾರದೆಂದು ವಿನಂತಿ.

ಅಂಗೈಯ ಮೇಲೆ ಸ್ಪಿರಿಟ್ಟಿನ ಎರಡು ಹನಿ ಹಾಕಿ ಊದಿದರೆ ತಣ್ಣಗಾಗುವುದನ್ನು ನಾನು ಎಂಟನೆಯ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದೆ. ದ್ರವವು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಅದೇ ಗುಪ್ತೋಷ್ಣ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದರಿಂದಲೇ. ಕಾರಿನ ಎ.ಸಿ.ಯಲ್ಲಿ 'ಗ್ಯಾಸ್' ಎಂದು ಕರೆಯುವ ವಿಶೇಷ ದ್ರವವೊಂದು ಕೂಲಿಂಗ್ ಕಾಯಿಲ್ ಎಂಬ ಲೋಹದ ಸುರುಳಿಯೊಳಗೆ ಆವಿಯಾಗುತ್ತದೆ. ಬ್ಲೋವರ್ ಎಂಬ ಫ್ಯಾನು ಕಾರಿನೊಳಗಿನ ಗಾಳಿಯನ್ನು ಆ ಸುರುಳಿಯ ಮೇಲೆ ಹಾಯಿಸಿ ತಂಪಾಗಿಸಿ ಕಿಂಡಿಗಳ ಮೂಲಕ ಹೊರತಳ್ಳುತ್ತದೆ. ಕಂಪ್ರೆಸರು ಆ ಆವಿಯನ್ನು ಅದುಮಿ, ಅದರ ಉಷ್ಣವನ್ನು ಗಾಡಿಯ ಮೂತಿಯ ಬಳಿ ಹೊರಗೆ ಚೆಲ್ಲಿ, ಮತ್ತೆ ದ್ರವವಾಗಿಸುತ್ತದೆ. ಎ.ಸಿ. ಚಳಿಯನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಹಾಕುತ್ತದೆ. ಇದಿಷ್ಟು ನೆನಪಿದ್ದರೆ ಸಾಕು.

ಹಾಗಾದರೆ ಒಳಗೆ ಎಷ್ಟು ಬಿಸಿ ಸೇರುತ್ತದೆ? ನಡುಹಗಲಿನ ನೇರ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಯುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯೊಂದರ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಎಸ್.ಯು.ವಿ.ಯ ಹಿಂಭಾಗದಲ್ಲಿ ಎರಡು ಬಾಗಿಲುಗಳ ಗಾಜು, ಅದರಾಚೆ ಪಕ್ಕದ ಚಿಕ್ಕ ಗಾಜುಗಳು, ಹಿಂಬಾಗಿಲಿನ ದೊಡ್ಡ ಗಾಜು, ಮೇಲೆ ಕಾದ ತಗಡಿನ ಮಾಳಿಗೆ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕಿನಿಂದ ಕಾದ ಸೀಟು ಮತ್ತು ನೆಲಹಾಸು ಹೊರಸೂಸುವ ಅವಕೆಂಪು ವಿಕಿರಣವನ್ನು ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಇದರ ಮೇಲೆ, ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಶರೀರವೂ ಸುಮಾರು 100 ವಾಟ್ ಉಷ್ಣವನ್ನು ಬಿಡುತ್ತದೆ. ಮೂವರು ಕುಳಿತರೆ ಹಳೆಯ ಕಾಲದ ನೂರು ಕ್ಯಾಂಡಲ್ಲಿನ ಮೂರು ಬಲ್ಬುಗಳನ್ನು ಹಚ್ಚಿಟ್ಟಂತೆ.

ಮುಂದಿನ ಕಿಂಡಿಯಿಂದ ಹೊರಟ ತಂಪುಗಾಳಿ ಇಷ್ಟನ್ನು ಎದುರಿಸಲು ಹಿಂದಕ್ಕೆ ಬರಬೇಕು. ಆದರೆ ದಾರಿಯಲ್ಲಿ ಮುಂದಿನವರ ಮೈ, ಅವರ ಸೀಟಿನ ಬೆನ್ನು, ತಲೆದಿಂಬು ಅಡ್ಡ ನಿಂತಿರುತ್ತವೆ. ತಂಪುಗಾಳಿಗೆ ತೂಕ ಹೆಚ್ಚು, ಅದು ಕೆಳಗಿಳಿಯುತ್ತದೆ. ಬಿಸಿಗಾಳಿ ಮಾಳಿಗೆಯ ಬಳಿ ಮೇಲೇರಿ ಹಿಂದೆ ನಿಲ್ಲುತ್ತದೆ. ಹಿಂದಿನವರಿಗೆ ತಲುಪುವಷ್ಟರಲ್ಲಿ ಅದು ತಂಪುಗಾಳಿಯಾಗಿ ಉಳಿದಿರುವುದಿಲ್ಲ, ಬರಿಯ ಗಾಳಿಯಾಗಿರುತ್ತದೆ. ಮುಂದೆ ಕುಳಿತವನಿಗೆ ಚಳಿಯೆನಿಸಿ ಬ್ಲೋವರನ್ನು ಒಂದು ಹಂತ ತಗ್ಗಿಸುತ್ತಾನೆ. ಅವನ ದೃಷ್ಟಿಯಲ್ಲಿ ಅದು ಸರಿಯೇ. ಹಿಂದೆ ಇರುವವರಿಗೆ ಆ ಬರಿಯ ಗಾಳಿಯೂ ನಿಂತುಹೋಗುತ್ತದೆ.

ಹಿಂದಿನ ಕಿಂಡಿಗಳು ಹುಟ್ಟಿಕೊಂಡದ್ದು ಇದಕ್ಕೆ ಪರಿಹಾರವಾಗಿ. ಆದರೆ ಎಲ್ಲ ಕಿಂಡಿಗಳೂ ಒಂದೇ ಅಲ್ಲವೆಂಬುದನ್ನು ನನಗೆ ಬಿಡಿಸಿ ಹೇಳಿದವನು ತುಮಕೂರಿನಲ್ಲಿ ಕಾರಿನ ಎ.ಸಿ. ದುರಸ್ತಿಯ ಗ್ಯಾರೇಜು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿ. ಗುಪ್ತೋಷ್ಣದ ಪಾಠದ ದಿನ ಕಿಟಕಿಯಾಚೆ ನೋಡುತ್ತಿದ್ದ ಹುಡುಗ, ಈಗ ಅದೇ ಪಾಠವನ್ನು ನನಗೆ ಹೇಳಿಕೊಡುತ್ತಾನೆ. ಇಂಥ ಸುಖ ಅಧ್ಯಾಪಕರಿಗಲ್ಲದೆ ಬೇರೆ ಯಾರಿಗೆ ಸಿಕ್ಕೀತು?

ಅವನು ಹೇಳಿದ್ದು ಹೀಗೆ. ಮೊದಲನೆಯ ಬಗೆಯಲ್ಲಿ, ಮುಂದಿನ ಎರಡು ಸೀಟುಗಳ ನಡುವಿನ ಪೆಟ್ಟಿಗೆಯ ಹಿಂಭಾಗದಲ್ಲಿ ಎರಡು ಕಿಂಡಿಗಳಿರುತ್ತವೆ. ಡ್ಯಾಶ್‌ಬೋರ್ಡಿನ ಗಾಳಿಯನ್ನೇ ಕೊಳವೆಯೊಂದು ಇಲ್ಲಿಗೆ ತರುತ್ತದೆ. ಹೊಸದಾಗಿ ಏನೂ ತಂಪಾಗುವುದಿಲ್ಲ, ಇರುವ ತಂಪಿನಲ್ಲಿ ಪಾಲು ಸಿಗುತ್ತದೆ. ಐದು ಸೀಟಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಎರಡನೆಯ ಬಗೆಯಲ್ಲಿ ಹಿಂದೆ ಫ್ಯಾನು ಮಾತ್ರ ಇರುತ್ತದೆ. ಅದು ಗಾಡಿಯೊಳಗಿನ ಗಾಳಿಯನ್ನೇ ಎಳೆದು ಹಿಂದಕ್ಕೆ ಊದುತ್ತದೆ. ಒಳಗೆಲ್ಲ ತಂಪಾದ ಮೇಲೆ ಇದರಿಂದ ಪ್ರಯೋಜನವುಂಟು, ಬಿಸಿಲಿನಲ್ಲಿ ನಿಂತ ಗಾಡಿಯನ್ನು ಹೊರಡಿಸಿದಾಗ ಬಿಸಿಗಾಳಿಯನ್ನೇ ಮುಖಕ್ಕೆ ಊದುತ್ತದೆ. ಮೂರನೆಯದರಲ್ಲಿ ಹಿಂದಿನವರಿಗೇ ಪ್ರತ್ಯೇಕ ಕೂಲಿಂಗ್ ಕಾಯಿಲ್, ಪ್ರತ್ಯೇಕ ಬ್ಲೋವರ್ ಇರುತ್ತವೆ. ಎಂಜಿನ್ನಿನಿಂದ ಗ್ಯಾಸಿನ ಕೊಳವೆಗಳು ಹಿಂದಿನವರೆಗೂ ಬಂದಿರುತ್ತವೆ. 'ಡ್ಯುಯಲ್ ಎ.ಸಿ.' ಎನ್ನುವುದು ಇದನ್ನೇ. ಏಳೆಂಟು ಜನ ಕೂರುವ ಗಾಡಿಗಳಿಗೆ ಇದು ಉಪಯುಕ್ತ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗಿ 2005ರಲ್ಲಿ ಬಿಡುಗಡೆಯಾದ ಇನ್ನೋವಾ ಗಾಡಿಯಲ್ಲಿ ಮಾಳಿಗೆಯ ಕಿಂಡಿಗಳನ್ನು ಕಂಡಾಗ ನಮ್ಮ ಜನ ಬೆರಗಾಗಿದ್ದು ನಿಮಗೆ ನೆನಪಿರಬಹುದು. ಮಾಳಿಗೆಯಿಂದ ಬಿಟ್ಟ ತಂಪು ತಾನಾಗಿ ಕೆಳಗಿಳಿಯುವುದರಿಂದ ಮೇಲೆ ನಿಂತ ಬಿಸಿಗಾಳಿಯನ್ನು ಕದಡುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಬಾಗಿಲುಗಳ ನಡುವಿನ ಕಂಬದಲ್ಲಿ ಕಿಂಡಿಯಿರುತ್ತದೆ, ಅಥವಾ ಮುಂದಿನ ಸೀಟಿನ ಅಡಿಯಿಂದ ಪಾದಗಳಿಗೆ ಗಾಳಿ ಬರುತ್ತದೆ.

ನನ್ನ ಬಂಧುಗಳೊಬ್ಬರಿಗೆ ಗಾಡಿ ಮಾರಿದ ಯುವಕ, "ಹಿಂದೇನೂ ಎ.ಸಿ. ಇದೆ ಸಾರ್" ಎಂದು ಆಣೆ ಮಾಡಿದಂತೆ ಹೇಳಿದ್ದ. ಇದ್ದದ್ದು ಎರಡನೆಯ ಬಗೆಯ ಫ್ಯಾನು. ಅದು ಗೊತ್ತಾದದ್ದು ಏಪ್ರಿಲ್ಲಿನಲ್ಲಿ. ಕಿಂಡಿ ಇದೆಯೇ ಎಂದು ಕೇಳಿದರೆ ಸಾಲದು. ಅದರ ಹಿಂದೆ ಏನಿದೆ ಎಂದು ಕೇಳಬೇಕು.

ಈ ವಿಷಯ ನನ್ನ ಮನಸ್ಸಿಗೆ ಇಷ್ಟು ಹತ್ತಿರವಾದದ್ದು 2019ರ ಮೇ ತಿಂಗಳ ಒಂದು ಪ್ರಯಾಣದಿಂದ. ಹುನಗುಂದದ ಬಳಿ ನಮ್ಮ ಸೋದರಸೊಸೆಯ ಮನೆಯ ಗೃಹಪ್ರವೇಶ. ಬೆಂಗಳೂರಿನಿಂದ ಅಳಿಯಂದಿರ ಐದು ಸೀಟಿನ ಎಸ್.ಯು.ವಿ.ಯಲ್ಲಿ ಹೊರಟೆವು. ಮುಂದೆ ಅಳಿಯಂದಿರು ಮತ್ತು ಮಗಳು. ಹಿಂದೆ ನಾನು, ಒಂಬತ್ತು ವರ್ಷದ ಮೊಮ್ಮಗಳು, ನನ್ನ ಅಕ್ಕ. ನಮ್ಮ ಸೀಟಿನ ಹಿಂದೆ, ಸಾಮಾನುಗಳ ನಡುವೆ ಹಾಸಿಗೆ ಮಾಡಿಕೊಟ್ಟ ಜಾಗದಲ್ಲಿ ಅವರ ಮನೆಯ ಪಗ್ ಜಾತಿಯ ನಾಯಿ ಗುಂಡ. 2003ರಲ್ಲಿ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹಿಂದೆಯೇ ಓಡಿದ ಪುಟ್ಟ ನಾಯಿಯನ್ನು ನೀವೆಲ್ಲ ಕಂಡಿದ್ದೀರಿ, ಅದೇ ಜಾತಿ.

ಚಿತ್ರದುರ್ಗ ದಾಟಿ ಹೊಸಪೇಟೆಯ ಹೆದ್ದಾರಿ ಹಿಡಿದಾಗ ನೆತ್ತಿಯ ಮೇಲೆ ಸೂರ್ಯ. ಕಪ್ಪು ನೆಲ, ಕುರುಚಲು ಗುಡ್ಡ, ಎಲ್ಲೂ ನೆರಳಿಲ್ಲ. ನಡುವಿನ ಎರಡು ಕಿಂಡಿಗಳು ನೇರವಾಗಿ ಮೊಮ್ಮಗಳ ಮೊಣಕಾಲಿಗೆ ಗಾಳಿ ಬಿಡುತ್ತಿದ್ದವು. ಅವಳು ಚಳಿಯೆಂದು ಫ್ರಾಕು ಎಳೆದುಕೊಂಡು ಕುಳಿತಿದ್ದಳು. ಅವಳಿಂದ ಒಂದು ಮೊಳ ದೂರದಲ್ಲಿ ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. "ಏನಕ್ಕ, ಸೆಕೆಯಾಗ್ತಿದೆಯಾ?" ಎಂದೆ. "ಏನಿಲ್ಲ ಕಣೋ, ಸ್ವಲ್ಪ ಅಷ್ಟೆ. ದಾರಿ ಸಾಗ್ಲಿ" ಎಂದಳು. ಎಪ್ಪತ್ತಾರು ವರ್ಷದ ಜೀವ, ರಕ್ತದೊತ್ತಡದ ಮಾತ್ರೆ ನುಂಗುವವಳು. ಕಿಂಡಿಯೊಂದನ್ನು ಅವಳ ಕಡೆಗೆ ತಿರುಗಿಸಿದೆ. ಮುಂದಿನ ಸೀಟಿನಿಂದ ಮಗಳೂ ಬ್ಲೋವರ್ ಹೆಚ್ಚಿಸಿದಳು.

ಕೂಡ್ಲಿಗಿಗೆ ಇನ್ನೂ ಸ್ವಲ್ಪ ದೂರವಿದ್ದಾಗ ಮೊಮ್ಮಗಳು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಬಗ್ಗಿ ನೋಡಿ, "ತಾತ, ಗುಂಡ ಕರೆದ್ರೆ ನೋಡ್ತಾನೇ ಇಲ್ಲ" ಎಂದಳು. ಬೆಳಗಿನಿಂದ ಕೇಳುತ್ತಿದ್ದ ಅದರ ತೇಕುವ ಸದ್ದು ಗೊರಗೊರ ಎನ್ನುವಂತಾಗಿತ್ತು. ಬಾಯಿಂದ ಅಂಟಂಟಾದ ಜೊಲ್ಲು, ಇಟ್ಟಿಗೆಗೆಂಪಾದ ಒಸಡು, ನಾಲಗೆ ಪೂರಾ ಹೊರಗೆ. ಅಳಿಯಂದಿರು ರಸ್ತೆಬದಿಯ ಬೇವಿನ ಮರದಡಿ ಗಾಡಿ ನಿಲ್ಲಿಸಿದರು. ಹಿಂಬಾಗಿಲು ತೆಗೆದಾಗ ಒಲೆಯ ಮುಂದೆ ನಿಂತಂತೆ ಬಿಸಿಯುಸಿರು ನಮ್ಮ ಮುಖಕ್ಕೆ ಹೊಡೆಯಿತು. ಕುಡಿಯಲು ಒಯ್ದಿದ್ದ ನೀರನ್ನೆಲ್ಲ ನಾಯಿಯ ಹೊಟ್ಟೆ, ತೊಡೆ, ಕುತ್ತಿಗೆಗೆ ಸುರಿದು, ಮಗಳು ಮದುವಣಗಿತ್ತಿಗೆ ಬೀಸುವಂತೆ ರಟ್ಟಿನಿಂದ ಬೀಸತೊಡಗಿದಳು. ಹತ್ತು ನಿಮಿಷದ ಮೇಲೆ ಗುಂಡ ತಲೆಯೆತ್ತಿತು. ಕೂಡ್ಲಿಗಿಯಲ್ಲಿ ಪಶುವೈದ್ಯರೊಬ್ಬರು ಊಟ ಬಿಟ್ಟು ಎದ್ದು ಬಂದು ನೋಡಿದರು. ಅಷ್ಟು ನೀರು ಸುರಿದ ಮೇಲೂ ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಡ್ರಿಪ್ ಹಾಕಿ, "ಇನ್ನು ಅರ್ಧ ಗಂಟೆ ಹಾಗೇ ಬಂದಿದ್ರೆ ಕಷ್ಟ ಇತ್ತು" ಎಂದರು.

ಸಂಜೆ ಹುನಗುಂದ ತಲುಪಿದ ಮೇಲೆ ಅಕ್ಕ ಜಗಲಿಯ ಮೇಲೆ ಊದಿದ ಪಾದಗಳನ್ನು ಚಾಚಿ ಕುಳಿತು ನನ್ನೊಡನೆ ಮೆಲ್ಲಗೆ ಹೇಳಿದಳು: "ದುರ್ಗ ದಾಟಿದಾಗಿಂದ ನಂಗೂ ತಲೆ ಸುತ್ತುತಿತ್ತು ಕಣೋ. ಅಳಿಯಂದಿರಿಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ. ಆ ನಾಯಿ ದೆಸೆಯಿಂದ ಗಾಡಿ ನಿಲ್ತು, ನಾನೂ ಉಸಿರಾಡ್ದೆ." ನಾನು ಈವರೆಗೆ ಬರೆದ ಯಂತ್ರವಿಚಾರವನ್ನೆಲ್ಲ ಮರೆತರೂ ಚಿಂತೆಯಿಲ್ಲ, ಈ ಮಾತನ್ನು ಮಾತ್ರ ಮರೆಯಬೇಡಿ. ನಮ್ಮ ಹಿರಿಯರು ತಮಗೆ ಕಷ್ಟವಾಗುತ್ತಿದೆಯೆಂದು ಹೇಳುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಬೆವರುವ ಶಕ್ತಿಯೂ ಕುಂದುವುದರಿಂದ ಎಷ್ಟೋ ವೇಳೆ ಅವರಿಗೇ ಅದು ತಿಳಿಯುವುದೂ ಇಲ್ಲ.

ನಾಯಿಯ ಕಷ್ಟ ಬೇರೆ ಬಗೆಯದು. ನಮಗೆ ಮೈಯೆಲ್ಲ ಬೆವರುತ್ತದೆ, ಬೆವರು ಆರಿದಾಗ ತಂಪಾಗುತ್ತದೆ. ನಾಯಿಗೆ ಹೀಗೆ ಬೆವರುವ ಗ್ರಂಥಿಗಳಿರುವುದು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ, ಅಷ್ಟರಿಂದ ಮೈ ತಂಪಾಗದು. ಅದು ತೇಕಿಯೇ ತಂಪಾಗಬೇಕು. ನಾಲಗೆ, ಬಾಯಿ, ಮೂಗಿನ ಒಳಗಿನ ತೇವ ಆವಿಯಾಗಿ ಉಷ್ಣವನ್ನು ಒಯ್ಯುತ್ತದೆ. ಮತ್ತೆ ಅದೇ ಗುಪ್ತೋಷ್ಣ! ನಾಯಿಯ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಾಪಾಯ. ಮುಚ್ಚಿದ ಡಿಕ್ಕಿಯಲ್ಲಿ ಗಾಳಿಯಾಡದಿದ್ದರೆ ಅದರ ಉಸಿರಿನ ತೇವವೇ ಸುತ್ತ ತುಂಬಿಕೊಳ್ಳುತ್ತದೆ, ತೇವದ ಗಾಳಿಯಲ್ಲಿ ಆವೀಕರಣ ನಿಧಾನವಾಗುತ್ತದೆ. ತೇಕುವ ಶ್ರಮದಿಂದಲೂ ಉಷ್ಣ ಹುಟ್ಟುತ್ತದೆ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳ ಮೂಗಿನ ದಾರಿಯೇ ಕಿರಿದು. ಅವುಗಳ ತೇಕುವಿಕೆಯೂ ಸಾಲದಾಗುತ್ತದೆ.

ಊರಿಗೆ ಮರಳಿದ ಮೇಲೆ ಆ ಗಾಡಿಯನ್ನೇ ತುಮಕೂರಿನ ನನ್ನ ವಿದ್ಯಾರ್ಥಿಯ ಗ್ಯಾರೇಜಿನ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿ, ಎ.ಸಿ. ಹಾಕಿ, ಮೂರು ಉಷ್ಣಮಾಪಕಗಳನ್ನು ಇಟ್ಟು ನೋಡಿದೆವು. ಇಪ್ಪತ್ತು ನಿಮಿಷದ ಬಳಿಕ ಮುಂದಿನ ಸೀಟಿನಲ್ಲಿ 22 ಡಿಗ್ರಿ, ಹಿಂದಿನ ಸೀಟಿನಲ್ಲಿ ತಲೆಯ ಮಟ್ಟಕ್ಕೆ 27, ಸಾಮಾನು ಪೇರಿಸಿದ ಡಿಕ್ಕಿಯ ನೆಲದ ಬಳಿ 34. ಒಂದೇ ಗಾಡಿಯೊಳಗೆ ಮಡಿಕೇರಿಯೂ ಬಳ್ಳಾರಿಯೂ ಇದ್ದವು! ಸಾಮಾನು ತೆಗೆದು, ಹಿಂದಿನ ಸೀಟಿನ ಒಂದು ಭಾಗವನ್ನು ಮಡಚಿ ಗಾಳಿಗೆ ದಾರಿ ಮಾಡಿಕೊಟ್ಟಾಗ ಡಿಕ್ಕಿಯ ಉಷ್ಣತೆ ಇಳಿಯತೊಡಗಿತು. ಕಿಂಡಿಗಳು ಅವೇ, ಯಂತ್ರವೂ ಅದೇ. ಬದಲಾದದ್ದು ಅಡೆತಡೆ ಮಾತ್ರ.

ಇದರಿಂದ ನಾವು ಕಂಡುಕೊಂಡ ಕೆಲವು ಉಪಾಯಗಳನ್ನು ಹೇಳುತ್ತೇನೆ. ಬಿಸಿಲಿನಲ್ಲಿ ನಿಂತ ಗಾಡಿಗೆ ಹತ್ತುವ ಮುನ್ನ ಎಲ್ಲ ಬಾಗಿಲು ತೆರೆದು ಬಿಸಿಗಾಳಿಯನ್ನು ಹೊರಹಾಕಿ. ಮೊದಲ ಒಂದೆರಡು ನಿಮಿಷ ಗಾಜು ಇಳಿಸಿಯೇ ಓಡಿಸಿ. ಅನಂತರ ಒಳಗಿನ ಗಾಳಿಯನ್ನೇ ಮತ್ತೆ ತಂಪುಮಾಡುವ ಗುಂಡಿ ಒತ್ತಿ. ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ತೂಕಡಿಕೆ ಬರುವುದರಿಂದ ಆಗಾಗ ಹೊರಗಿನ ಗಾಳಿಯನ್ನೂ ಬಿಡಿ. ಮುಂದಿನ ಮಧ್ಯದ ಕಿಂಡಿಗಳನ್ನು ನಿಮ್ಮ ಮುಖಕ್ಕಲ್ಲ, ಎರಡು ಸೀಟುಗಳ ನಡುವಿನ ಸಂದಿಗೆ, ಸ್ವಲ್ಪ ಮೇಲ್ಮುಖವಾಗಿ ತಿರುಗಿಸಿ. ಮುಂದಿನ ಸೀಟಿನ ಅಡಿಯಲ್ಲಿ ಗಾಳಿಯ ಕೊಳವೆಯಿದ್ದರೆ ಅಲ್ಲಿ ಚಪ್ಪಲಿ, ಚೀಲ ತುರುಕಬೇಡಿ. ನಾಯಿ ಸಾಕಿದವರು ಎ.ಸಿ.ಯ ಫಿಲ್ಟರನ್ನು ಪದೇ ಪದೇ ಶುಚಿ ಮಾಡಿಸಿ. ಉದುರಿದ ಕೂದಲು ಗಾಳಿಯನ್ನು ಅರ್ಧಕ್ಕೆ ಅರ್ಧ ಕಟ್ಟಿಹಾಕಿದ ಗಾಡಿಗಳನ್ನು ನನ್ನ ವಿದ್ಯಾರ್ಥಿ ನೋಡಿದ್ದಾನಂತೆ.

ನಾಯಿಯನ್ನು ಸಾಧ್ಯವಾದರೆ ಡಿಕ್ಕಿಯಲ್ಲಿ ಬಿಡದೆ ಹಿಂದಿನ ಸೀಟಿನಲ್ಲಿ ಪಟ್ಟಿ ಕಟ್ಟಿ ಕೂರಿಸಿ. ಪೆಟ್ಟಿಗೆಯಲ್ಲಿ ಒಯ್ಯುವುದಾದರೆ ನಾಲ್ಕೂ ಕಡೆ ಜಾಲರಿಯಿರುವುದನ್ನು ಆರಿಸಿ. ಕಿಂಡಿಗೆ ಸಿಕ್ಕಿಸಿ ಗಾಳಿಯನ್ನು ಹಿಂದಕ್ಕೆ ಒಯ್ಯುವ ಮೆತುಕೊಳವೆಗಳೂ ಸಿಗುತ್ತವೆ. ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ನೀರು ಕೊಡಿ. ಉಷ್ಣಾಘಾತದ ಲಕ್ಷಣ ಕಂಡರೆ ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ನೆರಳಿಗೆ ಒಯ್ದು ತಣ್ಣೀರು ಸುರಿದು ಗಾಳಿ ಹಾಕಿ. ಒದ್ದೆ ಟವೆಲ್ಲು ಹೊದಿಸಿಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬಾರದು. ಅನಂತರ ತಡಮಾಡದೆ ಪಶುವೈದ್ಯರ ಬಳಿಗೆ ಹೋಗಿ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಎಂಜಿನ್ನು ನಿಂತೊಡನೆ ಎಂಥ ಕಿಂಡಿಯೂ ಬರಿಯ ತೂತು. ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು 2005ರಲ್ಲಿ 'ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಿನಲ್ಲಿ ನಿಲ್ಲಿಸಿ ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಈ ಏರಿಕೆಯ ಶೇಕಡ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಬೆರಳಗಲ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆದ್ದರಿಂದ "ಎರಡೇ ನಿಮಿಷ, ಬಂದುಬಿಡ್ತೀನಿ" ಎಂದು ಮಗುವನ್ನಾಗಲಿ, ನಿದ್ದೆಹೋದ ಹಿರಿಯರನ್ನಾಗಲಿ, ನಾಯಿಯನ್ನಾಗಲಿ ಮುಚ್ಚಿದ ಗಾಡಿಯಲ್ಲಿ ಬಿಟ್ಟುಹೋಗಬೇಡಿ. ಟೆಸ್ಲಾ ಎಂಬ ವಿದ್ಯುತ್ ಕಾರಿನ ಕಂಪನಿ 2019ರಲ್ಲಿ, ಒಡೆಯನಿಲ್ಲದಾಗಲೂ ನಾಯಿಗಾಗಿ ಎ.ಸಿ. ಓಡುತ್ತಿದ್ದು, ದಾರಿಹೋಕರಿಗೆ ಪರದೆಯ ಮೇಲೆ ಒಳಗಿನ ಉಷ್ಣತೆಯನ್ನು ತೋರಿಸುವ ಸೌಲಭ್ಯವನ್ನು ತಂದಿತು. ಒಳ್ಳೆಯದೇ. ಆದರೆ ಯಂತ್ರ ಕೈಕೊಟ್ಟರೆ ಬಾಗಿಲು ತೆರೆಯಲು ನಾಯಿಗೆ ಬಾರದು.

ಕಾನೂನು ಕೂಡ ಇಲ್ಲಿ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನ ಪ್ರಕಾರ, ಪ್ರಾಣಿಯೊಂದಕ್ಕೆ ಅನಗತ್ಯ ಯಾತನೆಯಾಗುವ ರೀತಿಯಲ್ಲಿ ಅದನ್ನು ವಾಹನದಲ್ಲಿ ಸಾಗಿಸುವುದು ಅಪರಾಧ. ಮನುಷ್ಯರ ವಿಷಯದಲ್ಲೂ ನಮ್ಮ ದೇಶ ನಿಧಾನವಾಗಿ ಎಚ್ಚೆತ್ತಿದೆ. ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ.ಯನ್ನು ಕಡ್ಡಾಯಗೊಳಿಸುವ ಅಧಿಸೂಚನೆಯನ್ನು ಕೇಂದ್ರ ಸರಕಾರ ಹೊರಡಿಸಿದ್ದು 2023ರ ಡಿಸೆಂಬರಿನಲ್ಲಿ, 2025ರಲ್ಲಿ ಜಾರಿಗೆ ಬರುವಂತೆ. ನಮ್ಮ ಮನೆಯ ಅಕ್ಕಿ, ಬೇಳೆ, ಇಟ್ಟಿಗೆಗಳನ್ನು ಹೊತ್ತು ತಂದವರು ಅಷ್ಟು ದಶಕಗಳ ಕಾಲ ಎಂಜಿನ್ನಿನ ಬಿಸಿಯ ಪಕ್ಕದಲ್ಲೇ ಕುಳಿತಿದ್ದರು.

ತರಗತಿಯಲ್ಲಿ ನನಗೊಂದು ರೂಢಿಯಿತ್ತು. ಪಾಠದ ನಡುವೆ ಮೌನವಾಗಿ ನಡೆದುಹೋಗಿ ಕೊನೆಯ ಬೆಂಚಿನಲ್ಲಿ ಕುಳಿತು, ಅಲ್ಲಿಂದ ಕಪ್ಪುಹಲಗೆಯ ಅಕ್ಷರ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಂದ ಕಲಿತದ್ದು ಅದು. ಮುಂದಿನ ಬೆಂಚಿನ ಮಕ್ಕಳಿಗೆ ಕಾಣದಿದ್ದರೆ ಅವರೇ ಕೂಗಿ ಹೇಳುತ್ತಾರೆ, ಹಿಂದಿನವರು ಕಾಣದಿದ್ದರೂ ಸುಮ್ಮನಿರುತ್ತಾರೆ ಎನ್ನುತ್ತಿದ್ದರು ಅವರು. ಗಾಡಿಯ ವಿಷಯದಲ್ಲೂ ನಾನು ಹೇಳಬೇಕೆಂದಿರುವುದು ಇಷ್ಟೇ. ಕೊಳ್ಳುವ ಮುನ್ನ ಪರೀಕ್ಷೆಗೆಂದು ಓಡಿಸಿ ನೋಡುತ್ತೀರಲ್ಲ, ಅದನ್ನು ತಂಪು ಹೊತ್ತಿನಲ್ಲಿ ಮಾಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಮಾರಾಟದ ಹುಡುಗ ಓಡಿಸಲಿ, ನೀವು ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ, ಬಿಸಿಲು ಬೀಳುವ ಬದಿಯಲ್ಲಿ ಕುಳಿತುಕೊಳ್ಳಿ. ಡಿಕ್ಕಿಯ ನೆಲದ ಮೇಲೆ ಅಂಗೈಯಿಟ್ಟು ನೋಡಿ.

ಗುಂಡ ಆ ಪ್ರಯಾಣದ ನಂತರ ನಾಲ್ಕು ವರ್ಷ ಸುಖವಾಗಿ ಬದುಕಿದ. ಅಕ್ಕ ಈಗಲೂ ಗಟ್ಟಿಯಾಗಿದ್ದಾಳೆ. ಅಳಿಯಂದಿರ ಗಾಡಿಯಲ್ಲಿ ಈಗ ಅವಳದು ಮುಂದಿನ ಸೀಟು. ಮಗಳೇ ಹಟಮಾಡಿ ಬಿಟ್ಟುಕೊಟ್ಟದ್ದು. "ನಂಗೆ ಇಲ್ಲಿ ಚಳಿ ಕಣೇ" ಎಂದು ಅಕ್ಕ ಈಗ ಗಟ್ಟಿಯಾಗಿಯೇ ದೂರುತ್ತಾಳೆ, ಅದನ್ನು ಕೇಳಿ ನಮಗೆಲ್ಲ ಸಂತೋಷ.

ಈ ಬೇಸಿಗೆಯಲ್ಲಿ ದೂರದ ಪ್ರಯಾಣ ಹೊರಡುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಶುಭವಾಗಲಿ. ನಿಮ್ಮ ಅನುಭವಗಳೇನಾದರೂ ಇದ್ದರೆ ಬರೆದು ತಿಳಿಸಿ, ಮೇಷ್ಟ್ರಿಗೂ ಕಲಿಯುವುದು ಇನ್ನೂ ಬೇಕಾದಷ್ಟಿದೆ.